ಮಣ್ಣಿನ ಟ್ರ್ಯಾಕಿನ ಕಾರ್ಟ್ ಟೈರು ತೊಳೆಯಲು ಮನೆಯಲ್ಲೇ ಮಾಡುವ ಯಂತ್ರ: ಯಾವುದು ಯಾರಿಗೆ?

ಅಮೆರಿಕದ ಉತ್ತರ ಕ್ಯಾರೊಲೈನಾದ ಶಾರ್ಲಟ್ ಸುತ್ತಮುತ್ತ ನೆಲೆಸಿ, ಶನಿವಾರ ಸಂಜೆ ಮಕ್ಕಳನ್ನು ಮಣ್ಣಿನ ಓವಲ್ (ಮೊಟ್ಟೆಯಾಕಾರದ) ಟ್ರ್ಯಾಕಿಗೆ ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಓಡಿಸಲು ಕರೆದೊಯ್ಯುವ ಕನ್ನಡದ ಮನೆಗಳು ನನ್ನ ಪರಿಚಯದಲ್ಲಿ ಮೂರೋ ನಾಲ್ಕೋ ಇವೆ. ಈ ವರ್ಷ ಆ ಮನೆಗಳಿಂದ ನನಗೆ ಬಂದ ಪ್ರಶ್ನೆ ಬಹುಮಟ್ಟಿಗೆ ಒಂದೇ: ಟೈರು ತೊಳೆಯುವ ಯಂತ್ರವನ್ನು ಮನೆಯಲ್ಲೇ ಮಾಡಿಕೊಳ್ಳುವುದಾದರೆ ಕಾರಿನ ವೈಪರ್ ಮೋಟಾರಿನದು ಒಳ್ಳೆಯದೋ, ಎರಡು ರೋಲರುಗಳ ಮೇಲೆ ಟೈರು ಕೂರಿಸಿ ತಿರುಗಿಸುವುದು ಒಳ್ಳೆಯದೋ, ಅಥವಾ ಯಂತ್ರದ ಗೊಡವೆಯೇ ಬೇಡವೆಂದು ಪ್ರೆಷರ್ ವಾಷರ್ (ರಭಸದ ನೀರಿನ ಧಾರೆ ಬಿಡುವ ಯಂತ್ರ) ಹಿಡಿದರೆ ಸಾಕೋ? ಈವರೆಗೆ ನಾನು ಮೂರು ಬಗೆಯವನ್ನು ಕಟ್ಟಿದ್ದೇನೆ. ಅವುಗಳಲ್ಲಿ ಒಂದನ್ನು ಕಟ್ಟಿದ ವಾರದಲ್ಲೇ ಬಿಚ್ಚಿದ್ದೇನೆ. ಉಳಿದ ಬಗೆಗಳನ್ನು ಪಿಟ್ಟಿನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಕಾರ್ಟುಗಳನ್ನು ಸಜ್ಜುಮಾಡುವ ಜಾಗದಲ್ಲಿ, ಅಕ್ಕಪಕ್ಕದವರು ಬಳಸುವಾಗ ನಿಂತು ನೋಡಿದ್ದೇನೆ. ಆ ಅನುಭವದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಬೆಂಗಳೂರಿನಲ್ಲಿ ಮಕ್ಕಳನ್ನು ಕಾರ್ಟಿಂಗಿಗೆ ಹಾಕಿರುವ ಬಂಧುಗಳಿಗೆ ಇದರ ಅಗತ್ಯ ಬೀಳುವುದಿಲ್ಲ. ಅಲ್ಲಿಯ ಮೆಕೊ ಕಾರ್ಟೋಪಿಯಾ ಆಗಲಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಆಗಲಿ ಡಾಂಬರಿನ ಟ್ರ್ಯಾಕುಗಳು. ಅಂಥ ಕಡೆ ಟೈರಿಗೆ ಅಂಟುವುದು ಮಣ್ಣಲ್ಲ, ಬೇರೆ ಟೈರುಗಳಿಂದ ಉದುರಿದ ರಬ್ಬರಿನ ಉಂಡೆಗಳು. ಅವನ್ನು ಹೀಟ್ ಗನ್ನಿನಿಂದ ಮೆತ್ತಗೆ ಮಾಡಿ ಚಪ್ಪಟೆ ಉಳಿಯಿಂದ ಹೆರೆದು ತೆಗೆಯುತ್ತಾರೆ, ನೀರಿನಿಂದ ಅವು ಹೋಗುವುದಿಲ್ಲ. ಇಲ್ಲಿ ಹೇಳುವುದೆಲ್ಲ ಜೇಡಿಮಣ್ಣಿನ ಓವಲ್‌ಗಳಲ್ಲಿ ಓಡುವ, ಆರು ಇಂಚಿನ ರಿಮ್ಮಿನ ಮೇಲೆ ಕೂರುವ, ಸುಮಾರು ಹನ್ನೊಂದು ಇಂಚು ವ್ಯಾಸದ ಟೈರುಗಳಿಗೆ ಮಾತ್ರ ಅನ್ವಯಿಸುತ್ತದೆ.

ತೊಳೆಯುವುದು ಅಂದಕ್ಕಲ್ಲ

ಟೈರು ತೊಳೆಯುವುದನ್ನು ಕಾರು ತೊಳೆಯುವ ಹಾಗೆ ಚೊಕ್ಕಟತನದ ಕೆಲಸವೆಂದು ಬಗೆಯುವವರು ಯಂತ್ರವನ್ನು ಆರಿಸುವಾಗಲೂ ತಪ್ಪುತ್ತಾರೆ. ನಾವು ತೊಳೆಯುವುದು ಅಳೆಯುವುದಕ್ಕಾಗಿ. ಎಡಕ್ಕೆ ಮಾತ್ರ ತಿರುಗುವ ಓವಲ್ಲಿನಲ್ಲಿ ಹಿಂದಿನ ಬಲ ಟೈರಿನ ಸುತ್ತಳತೆ ಎಡ ಟೈರಿನದಕ್ಕಿಂತ ಹೆಚ್ಚಿರಬೇಕು. ಈ ವ್ಯತ್ಯಾಸಕ್ಕೆ ಸ್ಟ್ಯಾಗರ್ ಎನ್ನುತ್ತಾರೆ, ಅದು ಸಾಮಾನ್ಯವಾಗಿ ಒಂದು ಇಂಚಿನ ಆಸುಪಾಸಿನಲ್ಲಿರುತ್ತದೆ. ಕಾಲು ಇಂಚು ಹೆಚ್ಚುಕಡಿಮೆಯಾದರೂ ತಿರುವಿನಲ್ಲಿ ಕಾರ್ಟ್ ಬೇರೆಯೇ ಗಾಡಿಯಂತೆ ವರ್ತಿಸುತ್ತದೆ. ಈಗ ಲೆಕ್ಕ ನೋಡಿ: ಒಂದು ಟೈರಿನ ಮೈಗೆ ಇಂಚಿನ ಹದಿನಾರನೇ ಒಂದು ಭಾಗದಷ್ಟು ದಪ್ಪದ ಜೇಡಿ ಒಣಗಿ ಕೂತಿದ್ದರೆ ಅದರ ಸುತ್ತಳತೆ ಸುಮಾರು 0.4 ಇಂಚು ಹೆಚ್ಚಾಗಿ ಕಾಣುತ್ತದೆ. ಪಕ್ಕದ ಟೈರಿಗೆ ಅಷ್ಟು ಮಣ್ಣು ಅಂಟಿಲ್ಲದಿದ್ದರೆ ನೀವು ಅಳೆದದ್ದು ಸ್ಟ್ಯಾಗರ್ ಅಲ್ಲ, ಮಣ್ಣು. ರಬ್ಬರಿನ ಗಡಸುತನ ನೋಡುವ ಡ್ಯೂರೋಮೀಟರಿನ ಮೊನೆಗೂ ಇದೇ ಪಾಡು; ಮಣ್ಣಿನ ಪೊರೆಯ ಮೇಲೆ ಒತ್ತಿದರೆ ಅದು ತೋರಿಸುವ ಅಂಕಿಯನ್ನು ನಂಬುವಂತಿಲ್ಲ.

ಮಗನ ಕಾರ್ಟಿನ ಹಿಂದಿನ ಬಲ ಟೈರನ್ನು ಹೀಟ್ (ಮೊದಲ ಸುತ್ತಿನ ಓಟ) ಮುಗಿದ ಕೂಡಲೇ ತೊಳೆಯುವಾಗ ಬ್ರಷ್ಷಿನ ಕೆಳಗೆ ಆಗುವುದನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಇಲ್ಲಿಯ ಕೆಮ್ಮಣ್ಣು ನಮ್ಮ ಮಲೆನಾಡಿನದರಷ್ಟೇ ಕೆಂಪು, ಅದಕ್ಕಿಂತ ಜಿಗುಟು. ಮೊದಲ ಎರಡು ಸುತ್ತಿಗೆ ಇಳಿಯುವ ನೀರು ಕಾವಿ ಕದಡಿದಂತೆ ದಪ್ಪವಾಗಿರುತ್ತದೆ. ಐದಾರು ಸುತ್ತು ಕಳೆದ ಮೇಲೆ ತೆಳ್ಳಗಾಗಿ, ಅದರಡಿಯಿಂದ ರಬ್ಬರಿನ ಕಪ್ಪು ಬಣ್ಣ ಪಟ್ಟೆಪಟ್ಟೆಯಾಗಿ ಎದ್ದು ಬರುತ್ತದೆ. ಆಗ ಒಳ ಅಂಚಿನ ಎರಡು ಇಂಚಿನಷ್ಟು ಅಗಲದಲ್ಲಿ ರಬ್ಬರು ಸಣ್ಣ ಸಣ್ಣ ಗೆರೆಗಳಾಗಿ ಎದ್ದಿರುವುದು, ಹೊರ ಅಂಚು ಮಾತ್ರ ಹೆಂಚಿನಂತೆ ನುಣ್ಣಗೆ ಹೊಳೆಯುತ್ತಿರುವುದು ಕಣ್ಣಿಗೆ ಬೀಳುತ್ತದೆ. ಟೈರಿನ ಯಾವ ಭಾಗ ಕೆಲಸ ಮಾಡಿದೆ, ಯಾವ ಭಾಗ ಸುಮ್ಮನೆ ಜಾರಿದೆ ಎಂಬುದು ಆ ಹೊಳಪಿನಲ್ಲಿದೆ. ತೊಳೆಯುವ ಯಂತ್ರವು ಈ ಗುರುತನ್ನು ಅಳಿಸದೆ ಮಣ್ಣನ್ನಷ್ಟೇ ತೆಗೆಯಬೇಕು. ಹಾಗಾಗಿ ಯಾವ ಬಗೆಯ ಯಂತ್ರಕ್ಕಾದರೂ ತಂತಿ ಬ್ರಷ್ಷನ್ನು ನಾನು ಒಪ್ಪುವುದಿಲ್ಲ. ಮೆತ್ತನೆಯ ನೈಲಾನ್ ಎಳೆಯದೇ ಆಗಬೇಕು.

ಯಾವ ಅಳತೆಗೋಲಿನಿಂದ ತೂಗಬೇಕು

ಬಗೆಗಳನ್ನು ಒಂದೊಂದಾಗಿ ನೋಡುವ ಮುನ್ನ ನಿಮ್ಮ ಮಟ್ಟಿಗೆ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಒಂದು ರಾತ್ರಿಯಲ್ಲಿ ಎಷ್ಟು ಟೈರು ತೊಳೆಯಬೇಕು, ನಾಲ್ಕೋ, ಹನ್ನೆರಡೋ? ಹೀಟಿಗೂ ಫೀಚರಿಗೂ (ಕೊನೆಯ ಮುಖ್ಯ ಓಟ) ನಡುವೆ ಪಿಟ್ಟಿನಲ್ಲೇ ತೊಳೆಯಬೇಕೋ, ಅಥವಾ ಭಾನುವಾರ ಮನೆಯ ಗರಾಜಿನಲ್ಲಿ ನಿಧಾನವಾಗಿ ತೊಳೆದರೆ ಸಾಕೋ? ಪಿಟ್ಟಿನಲ್ಲೇ ಆದರೆ ಅಲ್ಲಿ ವಿದ್ಯುತ್ ಸಂಪರ್ಕ ಇದೆಯೋ, ಜನರೇಟರ್ ಒಯ್ಯುತ್ತೀರೋ, ಬರೀ ಬ್ಯಾಟರಿಯೋ? ನೀರು ನಲ್ಲಿಯಿಂದ ಬರುತ್ತದೆಯೋ, ಕ್ಯಾನಿನಲ್ಲಿ ಹೊತ್ತು ತರಬೇಕೋ? ಟೈರಿಗೆ ರಬ್ಬರನ್ನು ಮೆದುವಾಗಿಸುವ ಪ್ರೆಪ್ ಎಂಬ ರಾಸಾಯನಿಕ ಹಚ್ಚುತ್ತೀರೋ ಇಲ್ಲವೋ? ಖರ್ಚಿನ ಪ್ರಶ್ನೆ ಇವೆಲ್ಲದರ ನಂತರ ಬರಲಿ, ಏಕೆಂದರೆ ಇಲ್ಲಿ ಅತ್ಯಂತ ಅಗ್ಗದ ಬಗೆಗೂ ದುಬಾರಿಯ ಬಗೆಗೂ ಇರುವ ಅಂತರವು ಹೊಸ ಟೈರುಗಳ ಒಂದೆರಡು ಜೊತೆಯ ಬೆಲೆಯಷ್ಟೇ.

ಇವೆಲ್ಲಕ್ಕಿಂತ ಮುಖ್ಯವಾದರೂ ಹೆಚ್ಚಿನವರು ಮರೆಯುವ ಇನ್ನೊಂದು ಅಳತೆಯಿದೆ. ಅದು ಟೈರು ತಿರುಗುವ ವೇಗ. ಹನ್ನೊಂದು ಇಂಚಿನ ಟೈರು ನಿಮಿಷಕ್ಕೆ 80 ಸುತ್ತು ಮುಟ್ಟಿದಾಗ, ಅದರ ನೆತ್ತಿಯಲ್ಲಿರುವ ನೀರನ್ನು ಹೊರಕ್ಕೆ ಎಸೆಯುವ ಬಲವು ಗುರುತ್ವಾಕರ್ಷಣೆಗೆ ಸಮನಾಗುತ್ತದೆ. ಅದಕ್ಕಿಂತ ನಿಧಾನವಾದರೆ ನೀರು ಟೈರಿನ ಮೈಮೇಲೆ ಹರಿದು ತೊಟ್ಟಿಗೇ ಇಳಿಯುತ್ತದೆ. ಅದನ್ನು ಮೀರಿದರೆ ನಿಮ್ಮ ಅಂಗಿಗೆ, ಕನ್ನಡಕಕ್ಕೆ, ಪಕ್ಕದವರ ಡೇರೆಗೆ ಹಾರುತ್ತದೆ. ಇನ್ನು ನಿಮಿಷಕ್ಕೆ 20 ಸುತ್ತಿಗಿಂತ ಕಡಿಮೆಯಾದರೆ ಬ್ರಷ್ಷು ಉಜ್ಜುವುದಿಲ್ಲ, ಸವರುತ್ತದೆ. ನಿಮಿಷಕ್ಕೆ 40ರಿಂದ 60 ಸುತ್ತು ಹದವಾದ ವೇಗ. ಮುಂದೆ ಪ್ರತಿಯೊಂದು ಬಗೆಯನ್ನು ನೋಡುವಾಗಲೂ ಈ ಅಂಕಿಯನ್ನು ನೆನಪಿನಲ್ಲಿಡಿ.

ಕೈಬ್ರಷ್ಷು ಮತ್ತು ಸ್ಪಿಂಡಲ್ ಸ್ಟ್ಯಾಂಡು

ಎಲ್ಲಕ್ಕಿಂತ ಸರಳವಾದುದು ಯಂತ್ರವೆನ್ನಿಸಿಕೊಳ್ಳಲೂ ಲಾಯಕ್ಕಿಲ್ಲದ ಒಂದು ಸ್ಟ್ಯಾಂಡು. ಬಾಗಿದ ಹಳೆಯ ಸ್ಪಿಂಡಲ್ಲನ್ನು (ಮುಂದಿನ ಚಕ್ರ ಕೂರುವ ಗಿಡ್ಡ ಅಚ್ಚು) ಪಿಟ್ಟಿನಲ್ಲಿ ಯಾರನ್ನು ಕೇಳಿದರೂ ಕೊಡುತ್ತಾರೆ. ಅದನ್ನು ಮೊಣಕಾಲೆತ್ತರದ ಕಬ್ಬಿಣದ ಚೌಕಟ್ಟಿಗೆ ಅಡ್ಡಲಾಗಿ ಬೆಸೆದು, ಅದರ ಮೇಲೆ ತಿರುಗುವ ಹಬ್ಬಿಗೆ (ಚಕ್ರವನ್ನು ಹಿಡಿಯುವ ನಡುಗುಂಬಕ್ಕೆ) ಚಕ್ರ ಸಿಕ್ಕಿಸಿ, ಕೆಳಗೊಂದು ತೊಟ್ಟಿ ಇಟ್ಟರೆ ಮುಗಿಯಿತು. ಎಡಗೈಯಿಂದ ಚಕ್ರ ತಿರುಗಿಸುತ್ತ ಬಲಗೈಯಿಂದ ಬ್ರಷ್ಷು ಹಿಡಿಯಬೇಕು. ಊರಿನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುವವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಸುತ್ತಿಸುತ್ತ ನೋಡುವ ಭಂಗಿಯೇ ಇದು.

ತೊಟ್ಟಿಯ ವಿಷಯದಲ್ಲಿ ಎಚ್ಚರವಿರಲಿ. ಅಂಗಡಿಗಳಲ್ಲಿ ಸಿಗುವ ಐದು ಗ್ಯಾಲನ್ನಿನ ಬಕೆಟ್ಟಿನ ಬಾಯಿ ಸುಮಾರು ಹನ್ನೆರಡು ಇಂಚು, ತಳ ಹತ್ತು ಇಂಚಿಗಿಂತ ತುಸು ಹೆಚ್ಚು. ಹನ್ನೊಂದು ಇಂಚಿನ ಟೈರು ಅದರೊಳಗೆ ಇಳಿಯುತ್ತಾ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಗಾರೆ ಕಲಸಲು ಬಳಸುವ ಅಗಲವಾದ, ಆಳವಿಲ್ಲದ ಪ್ಲಾಸ್ಟಿಕ್ ತೊಟ್ಟಿ ಇದಕ್ಕೆ ಸರಿಯಾದುದು, ಅದರಲ್ಲಿ ಎರಡು ಮೂರು ಗ್ಯಾಲನ್ ನೀರು ಸಾಕಾಗುತ್ತದೆ.

ಈ ಬಗೆಗೆ ವಿದ್ಯುತ್ ಬೇಡ, ಕೆಡುವಂಥದ್ದು ಏನೂ ಇಲ್ಲ, ಟ್ರೈಲರಿನ ಮೂಲೆಯಲ್ಲಿ ಮಡಚಿಡಬಹುದು, ರಬ್ಬರಿಗೆ ಅಪಾಯವಿಲ್ಲ. ಅದರ ಕೊರತೆಯೆಂದರೆ ಸಮಯ ಮತ್ತು ಸೊಂಟ. ಹಸಿಯಾಗಿರುವಾಗಲೇ ಹಿಡಿದರೆ ನನಗೆ ಒಂದು ಟೈರಿಗೆ ನಾಲ್ಕು ನಿಮಿಷ ಬೇಕು. ಮಣ್ಣು ಒಣಗಿದ ಮೇಲಾದರೆ ಅದರ ಎರಡರಷ್ಟು. ಕೈ ತಿರುಗಿಸುವ ವೇಗ ಒಂದೇ ಸಮನಾಗಿರದ ಕಾರಣ ಒಂದು ಕಡೆ ಹೆಚ್ಚು ಉಜ್ಜಿ, ಇನ್ನೊಂದು ಕಡೆ ಬಿಟ್ಟುಹೋಗುವುದೂ ಉಂಟು. ಒಬ್ಬ ಮಗು, ಒಂದು ಕಾರ್ಟ್, ನಾಲ್ಕು ಟೈರು ಎನ್ನುವವರು, ಮೊದಲ ವರ್ಷದವರು, ಇಲ್ಲಿಂದಲೇ ಆರಂಭಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಈ ಸ್ಟ್ಯಾಂಡು ಮುಂದೆ ವ್ಯರ್ಥವೂ ಆಗುವುದಿಲ್ಲ, ಏಕೆಂದರೆ ಮೋಟಾರಿನ ಬಗೆಯನ್ನು ಇದರ ಮೇಲೆಯೇ ಕಟ್ಟಬಹುದು.

ಪ್ರೆಷರ್ ವಾಷರ್

ಮನೆಯಲ್ಲಿ ಈಗಾಗಲೇ ಇದೆಯಲ್ಲ ಎಂದು ಹೆಚ್ಚಿನವರು ಮೊದಲು ಕೈಹಾಕುವುದು ಇದಕ್ಕೆ. ಸ್ಪಿಂಡಲ್ಲಿನ ಮೇಲೆ ಚಕ್ರ ಕೂರಿಸಿ ಓರೆಯಾಗಿ ಧಾರೆ ಬಿಟ್ಟರೆ ಚಕ್ರ ತಾನಾಗಿಯೇ ತಿರುಗಿ ಅರ್ಧ ನಿಮಿಷದಲ್ಲಿ ಮಣ್ಣು ಹಾರಿಹೋಗುತ್ತದೆ, ನೋಡಲು ಚೆಂದ. ಆದರೆ ತಡೆಯಿಲ್ಲದ ಚಕ್ರ ಧಾರೆಯ ಬಲಕ್ಕೆ ನಿಮಿಷಕ್ಕೆ ನೂರಾರು ಸುತ್ತು ತಿರುಗಿ ಕೆಸರನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಅದಕ್ಕಿಂತ ಮುಖ್ಯವಾದುದೆಂದರೆ, ಕಾರ್ಟ್ ಟೈರಿನಲ್ಲಿ ಇರುವ ಗಾಳಿಯ ಒತ್ತಡ ಬಹುತೇಕ ಒಂದಂಕಿಯ ಪಿಎಸ್‌ಐ. ಸಾವಿರಕ್ಕೂ ಮೀರಿದ ಪಿಎಸ್‌ಐನ ಧಾರೆಯನ್ನು ಹತ್ತಿರದಿಂದ ರಿಮ್ಮಿನ ಅಂಚಿಗೆ ಬಿಟ್ಟರೆ ಟೈರು ರಿಮ್ಮಿಗೆ ಕೂರುವ ಜಾಗದಲ್ಲಿ ಮಣ್ಣುನೀರು ಒಳಗೆ ನುಗ್ಗುವ ಸಾಧ್ಯತೆಯಿದೆ, ಮೆತ್ತನೆಯ ರಬ್ಬರಿನ ಮೈ ಕಿತ್ತುಬರುವುದೂ ಉಂಟು. ಚಕ್ರದಲ್ಲೇ ಬೇರಿಂಗ್ ಇದ್ದರೆ ಅದರ ಗ್ರೀಸು ಹೋಗುತ್ತದೆ. ನೀರಿನ ಖರ್ಚೂ ಹೆಚ್ಚು, ನಲ್ಲಿಯಿಲ್ಲದ ಪಿಟ್ಟಿನಲ್ಲಿ ಇದರ ಮಾತೇ ಇಲ್ಲ.

ಆದ್ದರಿಂದ ಪ್ರೆಷರ್ ವಾಷರನ್ನು ಒಣಗಿದ ದಪ್ಪ ಜೇಡಿಯನ್ನು ದೂರದಿಂದ, ಅಗಲ ಮೂತಿಯ ಧಾರೆಯಿಂದ ನೆನೆಸಿ ಉದುರಿಸಲು ಬಳಸಿ, ಮುಖ್ಯ ಕೆಲಸವನ್ನು ಬ್ರಷ್ಷಿಗೆ ಬಿಡಿ. ಕಾರ್ಟಿನ ಚಾಸಿ ತೊಳೆಯಲು ಹೇಗೂ ಅದು ಬೇಕು. ಟೈರಿಗೆಂದೇ ಹೊಸದನ್ನು ಕೊಳ್ಳುವುದು ನನಗೆ ದುಂದು ಎನಿಸುತ್ತದೆ.

ಕಾರ್ಡ್‌ಲೆಸ್ ಡ್ರಿಲ್

ಡ್ರಿಲ್ಲಿನ ಮೂತಿಗೆ ದುಂಡು ಬ್ರಷ್ಷು ಸಿಕ್ಕಿಸಿ ನಿಂತ ಟೈರನ್ನು ಉಜ್ಜುವವರಿದ್ದಾರೆ, ಡ್ರಿಲ್ಲಿನಿಂದ ಚಕ್ರವನ್ನೇ ತಿರುಗಿಸುವವರೂ ಇದ್ದಾರೆ. ಮೊದಲನೆಯದು ಬ್ರಷ್ಷಿನ ಗಾತ್ರದಷ್ಟು ಜಾಗವನ್ನು ಮಾತ್ರ ಒಮ್ಮೆಗೆ ತೊಳೆಯುವುದರಿಂದ ಕೈಬ್ರಷ್ಷಿಗಿಂತ ಹೆಚ್ಚೇನೂ ಬೇಗವಾಗದು. ಎರಡನೆಯದು ಒಂದು ಸಂಜೆಯ ಮಟ್ಟಿಗೆ ನಡೆಯುತ್ತದೆ. ಆದರೆ ಡ್ರಿಲ್ಲಿನ ಒಳಗಿನ ಫ್ಯಾನು ಮೋಟಾರಿನ ಜೊತೆಗೇ ತಿರುಗುವಂಥದ್ದು, ನಾವು ಗುಂಡಿಯನ್ನು ಅರೆಬರೆ ಒತ್ತಿ ನಿಧಾನವಾಗಿ ತಿರುಗಿಸುತ್ತಿದ್ದರೆ ಅದಕ್ಕೆ ಗಾಳಿ ಸಾಲದೆ ಮೋಟಾರು ಕಾಯುತ್ತದೆ. ಎರಡು ಮೂರು ಟೈರು ತೊಳೆದ ಮೇಲೆ ಹಿಡಿಯ ಮೇಲ್ಭಾಗ ಮುಟ್ಟಿ ನೋಡಿದರೆ ತಿಳಿಯುತ್ತದೆ. ಒದ್ದೆ ಕೈಯಲ್ಲಿ, ಸೋಪಿನ ನೀರಿನ ಪಕ್ಕದಲ್ಲಿ, ಎಂಜಿನ್ ಕೆಲಸಕ್ಕೆ ಬೇಕಾದ ಅದೇ ಡ್ರಿಲ್ಲನ್ನು ದುಡಿಸುವುದು ಜಾಣತನವಲ್ಲ. ಇದನ್ನು ತಾತ್ಕಾಲಿಕ ಉಪಾಯವೆಂದು ಬಗೆದು ಮುಂದೆ ಹೋಗೋಣ.

ವೈಪರ್ ಮೋಟಾರು: ಎಲ್ಲಿ ಜೋಡಿಸುತ್ತೀರಿ ಎಂಬುದೇ ಪ್ರಶ್ನೆ

ಗುಜರಿ ಅಂಗಡಿಯಲ್ಲಿ ಇಪ್ಪತ್ತು ಇಪ್ಪತ್ತೈದು ಡಾಲರಿಗೆ ನನಗೆ ಸಿಕ್ಕ ಕಾರಿನ ವೈಪರ್ ಮೋಟಾರು ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. ಅದು 12 ವೋಲ್ಟಿನದು, ಒಳಗೇ ವರ್ಮ್ ಗೇರು (ತಿರುಪಿನಂಥ ಗೇರು) ಇರುವುದರಿಂದ ನಿಧಾನವಾಗಿಯೂ ಬಲವಾಗಿಯೂ ತಿರುಗುತ್ತದೆ, ಎರಡು ವೇಗಗಳಿವೆ, ಅವು ಹೆಚ್ಚುಕಡಿಮೆ ನಿಮಿಷಕ್ಕೆ 45 ಮತ್ತು 65 ಸುತ್ತಿನ ಸುತ್ತಮುತ್ತ ಇರುತ್ತವೆ. ನಮಗೆ ಬೇಕಾದ ಹದ ಅದೇ ಅಲ್ಲವೇ?

ನಾನು ಎಡವಿದ್ದು ಇಲ್ಲಿಯೇ. ಎಲ್ಲರೂ ರೋಲರ್ ಎನ್ನುತ್ತಾರಲ್ಲ ಎಂದು ಎರಡು ಇಂಚಿನ ಪಿವಿಸಿ ರೋಲರಿಗೆ ಈ ಮೋಟಾರನ್ನು ಜೋಡಿಸಿ, ಅದರ ಮೇಲೆ ಟೈರು ಕೂರಿಸಿದೆ. ಎರಡು ಇಂಚಿನ ರೋಲರು ಒಂದು ಸುತ್ತು ಹಾಕಿದರೆ ಹನ್ನೊಂದು ಇಂಚಿನ ಟೈರು ಸುತ್ತಿನ ಐದೂವರೆಯಲ್ಲೊಂದು ಭಾಗ ಮಾತ್ರ ತಿರುಗುತ್ತದೆ ಎಂಬ ಮೂರನೇ ತರಗತಿಯ ಲೆಕ್ಕವನ್ನು ಮಾಡಿರಲಿಲ್ಲ. ನಿಮಿಷಕ್ಕೆ 45 ಸುತ್ತಿನ ಮೋಟಾರು ಟೈರನ್ನು ಎಂಟು ಸುತ್ತು ತಿರುಗಿಸಿತು. ಜಾತ್ರೆಯ ತೇರಿನಂತೆ ಅದು ಸಾಗುವುದನ್ನು ನೋಡಿ ಮಗ, 'ಅಪ್ಪಾ, ಫೀಚರ್ ಮುಂದಿನ ವಾರ ಅಲ್ಲ, ಇವತ್ತೇ ಇದೆ' ಎಂದ. ಕಟ್ಟಿದ ವಾರದಲ್ಲೇ ಬಿಚ್ಚಿದೆನೆಂದು ಮೇಲೆ ಹೇಳಿದ್ದು ಇದನ್ನೇ. ಆ ನಿಧಾನಗತಿ ಟೈರನ್ನು ಪ್ರೆಪ್ಪಿನ ತಟ್ಟೆಯಲ್ಲಿ ಉರುಳಿಸಲು ಒಗ್ಗುತ್ತದೆ, ತೊಳೆಯಲು ಒಗ್ಗುವುದಿಲ್ಲ. ಇವೆರಡನ್ನೂ ಒಂದೇ ಯಂತ್ರದಲ್ಲಿ ಮಾಡಬೇಕೆಂದು ಹೊರಟವರು ತೊಟ್ಟಿಯನ್ನಾದರೂ ಬೇರೆಬೇರೆ ಇಟ್ಟುಕೊಳ್ಳಲಿ.

ಸರಿಯಾದ ಕ್ರಮವೆಂದರೆ ವೈಪರ್ ಮೋಟಾರಿನಿಂದ ಚಕ್ರದ ನಡುವನ್ನೇ ತಿರುಗಿಸುವುದು. ಕೈಬ್ರಷ್ಷಿನ ಸ್ಟ್ಯಾಂಡಿನಲ್ಲಿ ಸ್ಪಿಂಡಲ್ ಇದ್ದ ಜಾಗದಲ್ಲಿ ಎರಡು ಬೇರಿಂಗ್‌ಗಳ ನಡುವೆ ತಿರುಗುವ ಒಂದು ದಂಡವನ್ನು ಕೂರಿಸಿ, ಅದರ ಹಿಂಬದಿಗೆ ಮೋಟಾರನ್ನು ಜೋಡಿಸಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ಹಬ್ಬು ಬೇರೆಬೇರೆಯಾಗಿದ್ದರೆ ಪ್ರತಿಸಲ ಬೋಲ್ಟು ಬಿಗಿಯುವುದು ತಲೆನೋವು. ಅದಕ್ಕೆ ಬದಲಾಗಿ ದಂಡದ ಮೇಲೆ ಬುಗುರಿಯಾಕಾರದ ಎರಡು ತುಂಡುಗಳನ್ನಿಟ್ಟು, ರಿಮ್ಮಿನ ನಡುತೂತನ್ನು ಎರಡೂ ಕಡೆಯಿಂದ ಒತ್ತಿ, ಕೈಯಿಂದಲೇ ತಿರುಗಿಸುವ ರೆಕ್ಕೆನಟ್ಟಿನಿಂದ ಬಿಗಿದರೆ ಯಾವ ಚಕ್ರವಾದರೂ ಕೂರುತ್ತದೆ. ಕೆಳಗೆ ತೊಟ್ಟಿ, ಟೈರು ಒಂದಿಂಚು ಮುಳುಗುವಷ್ಟು ನೀರು, ಹಿಂಬದಿಯಲ್ಲಿ ಸ್ಪ್ರಿಂಗಿನಿಂದ ಹಗುರಾಗಿ ಒತ್ತಿ ನಿಲ್ಲುವ ನೈಲಾನ್ ಬ್ರಷ್ಷು. ಹೀಗೆ ನನ್ನ ಬಳಿ ಈಗಿರುವ ಯಂತ್ರಕ್ಕೆ ಒಂದು ಟೈರಿಗೆ ಒಂದೂವರೆ ನಿಮಿಷ ಸಾಕು, ಎರಡೂ ಕೈ ಬಿಡುವಾಗಿರುತ್ತವೆ.

ವಿದ್ಯುತ್ತಿನ ಲೆಕ್ಕವೂ ಹಿತವಾಗಿದೆ. ಮೋಟಾರು ಐದು ಆಂಪಿಯರ್ ಎಳೆಯುತ್ತದೆಂದು ಹಿಡಿದು, ಸಂಜೆಯಲ್ಲಿ ಹದಿನೈದು ನಿಮಿಷ ಓಡಿಸಿದರೆ ಖರ್ಚಾಗುವುದು 1.25 ಆಂಪಿಯರ್-ಗಂಟೆ, ಟ್ರೈಲರಿನಲ್ಲಿರುವ 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ತಿಳಿಯುವುದೂ ಇಲ್ಲ. ಒದ್ದೆ ಕೈಗೆ 12 ವೋಲ್ಟು ಪ್ರಾಣಭಯ ಒಡ್ಡುವುದಿಲ್ಲ. ಆದರೂ ಮೂರು ಎಚ್ಚರಿಕೆಗಳಿವೆ. ಬಹಳಷ್ಟು ವೈಪರ್ ಮೋಟಾರುಗಳ ಹೊರಮೈಯೇ ಅದರ ಅರ್ಥ್ ಸಂಪರ್ಕ, ಆದ್ದರಿಂದ ಚೌಕಟ್ಟಿಗೆ ಬೇರೆ ತಂತಿ ತಾಗದಂತೆ ನೋಡಿಕೊಳ್ಳಬೇಕು, ಬ್ಯಾಟರಿಯ ಬಳಿ ಫ್ಯೂಸ್ ಹಾಕಲೇಬೇಕು. ವೈಪರನ್ನು ಕೆಳಕ್ಕೆ ತಂದು ನಿಲ್ಲಿಸುವುದಕ್ಕೆಂದು ಇರುವ ತಂತಿ ನಮಗೆ ಬೇಡ, ಅದನ್ನು ಟೇಪು ಸುತ್ತಿ ಮಡಚಿಡಿ. ಕೊನೆಯದಾಗಿ, ವರ್ಮ್ ಗೇರಿನ ಮೋಟಾರು ನಿಧಾನ ಎಂಬ ಕಾರಣಕ್ಕೆ ಅದನ್ನು ಹಗುರವಾಗಿ ಕಾಣಬಾರದು. ಬ್ರಷ್ಷಿಗೂ ಟೈರಿಗೂ ನಡುವೆ ಬೆರಳು ಸಿಕ್ಕಿದರೆ ಅದು ನಿಲ್ಲುವುದಿಲ್ಲ, ಕೈಯಿಂದ ಹಿಂದಕ್ಕೆ ತಿರುಗಿಸಲೂ ಬಾರದು. ಕಾಲಿನಿಂದ ಒತ್ತಿದಾಗ ಮಾತ್ರ ಓಡುವ ಸ್ವಿಚ್ಚನ್ನೇ ಹಾಕಿ, ಮಕ್ಕಳು ಬಳಸುವುದಾದರಂತೂ ಇದನ್ನು ಬಿಡುವಂತಿಲ್ಲ.

ಎರಡು ರೋಲರು, ಮನೆಯ ಕರೆಂಟಿನ ಮೋಟಾರು

ಇಬ್ಬರು ಮೂವರು ಮಕ್ಕಳು ಓಡಿಸುವ ಮನೆಗಳಲ್ಲಿ ಟೈರುಗಳ ರಾಶಿಯೇ ಬೀಳುತ್ತದೆ. ಅಲ್ಲಿ ಪ್ರತಿ ಚಕ್ರವನ್ನೂ ದಂಡಕ್ಕೆ ಬಿಗಿದು ಬಿಚ್ಚುವುದಕ್ಕಿಂತ, ಎರಡು ರೋಲರುಗಳ ನಡುವೆ ಟೈರನ್ನು ಸುಮ್ಮನೆ ಇಟ್ಟು ತೆಗೆಯುವ ಯಂತ್ರ ಬಹಳ ಅನುಕೂಲ. ಗರಾಜಿನಲ್ಲಿ ಸ್ಥಿರವಾಗಿ ನಿಲ್ಲಿಸುವುದಾದರೆ ಹಳೆಯ ವಾಷಿಂಗ್ ಮೆಷಿನ್ನಿನ ಮೋಟಾರು ಸಾಕಾಗುತ್ತದೆ. ಅಮೆರಿಕದ 60 ಹರ್ಟ್ಸ್ ಕರೆಂಟಿನಲ್ಲಿ ಅಂಥ ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ ಸುಮಾರು 1725 ಸುತ್ತು ತಿರುಗುತ್ತದೆ. ಮೋಟಾರಿಗೆ ಎರಡು ಇಂಚಿನ ಪುಲ್ಲಿ, ರೋಲರಿಗೆ ಹನ್ನೆರಡು ಇಂಚಿನ ಪುಲ್ಲಿ ಹಾಕಿದರೆ ರೋಲರು 287 ಸುತ್ತಿಗೆ ಇಳಿಯುತ್ತದೆ. ಎರಡು ಇಂಚಿನ ರೋಲರು ಹನ್ನೊಂದು ಇಂಚಿನ ಟೈರನ್ನು ತಿರುಗಿಸುವಾಗ ಅದು 52 ಸುತ್ತಾಗುತ್ತದೆ. ವೈಪರ್ ಮೋಟಾರಿನಲ್ಲಿ ನನ್ನನ್ನು ಕೆಡಿಸಿದ ಅದೇ ಭಾಗಾಕಾರ ಇಲ್ಲಿ ಕೈಹಿಡಿಯುತ್ತದೆ.

ರೋಲರುಗಳ ನಡುವಿನ ಅಂತರವನ್ನು ಕಣ್ಣಳತೆಗೆ ಬಿಡಬೇಡಿ. ಎರಡು ರೋಲರುಗಳ ನಡುಗೆರೆಗಳ ಅಂತರ ಆರೂವರೆ ಇಂಚಾದರೆ ಟೈರಿನ ತಳವು ರೋಲರುಗಳ ನಡುಗೆರೆಯ ಮಟ್ಟಕ್ಕಿಂತ ತುಸು ಮೇಲೆಯೇ ನಿಲ್ಲುತ್ತದೆ; ಆಗ ಟೈರು ನೆನೆಯಬೇಕಾದರೆ ರೋಲರುಗಳೂ ಅವುಗಳ ಬೇರಿಂಗುಗಳೂ ಕೆಸರುನೀರಿನಲ್ಲಿ ಮುಳುಗಬೇಕು. ಅದನ್ನೇ ಹತ್ತು ಇಂಚಿಗೆ ಅಗಲಿಸಿದರೆ ಟೈರಿನ ತಳ ನಡುಗೆರೆಗಿಂತ 1.35 ಇಂಚು ಕೆಳಗಿಳಿಯುತ್ತದೆ, ಅಂದರೆ ರೋಲರಿನ ತಳಕ್ಕಿಂತಲೂ ಮೂರನೇ ಒಂದು ಇಂಚಿನಷ್ಟು ಕೆಳಗೆ. ರೋಲರುಗಳನ್ನು ತೊಟ್ಟಿಯ ಅಂಚಿನ ಮೇಲೆ, ಬೇರಿಂಗುಗಳನ್ನು ತೊಟ್ಟಿಯ ಹೊರಗೆ ಇಟ್ಟು, ಟೈರನ್ನಷ್ಟೇ ನೀರಿಗೆ ಮುಟ್ಟಿಸಲು ಆಗುತ್ತದೆ. ಇನ್ನೂ ಅಗಲಿಸುವ ಆಸೆ ಬೇಡ. ಅಂತರ ಹೆಚ್ಚಿದಂತೆ ಟೈರು ಬೆಣೆಯಂತೆ ಒತ್ತಿ ಕೂರುತ್ತದೆ, ಮೋಟಾರಿನ ಮೇಲೆ ಭಾರ ಏರುತ್ತದೆ.

ಸೋಪುನೀರು ಬಿದ್ದ ಪಿವಿಸಿ ಪಾಚಿಗಟ್ಟಿದ ಕಲ್ಲಿನಂತೆ ಜಾರುತ್ತದೆ, ರೋಲರು ತಿರುಗಿದರೂ ಟೈರು ನಿಂತೇ ಇರುತ್ತದೆ. ಮರಳುಕಾಗದದಂಥ ಟೇಪು ಸುತ್ತಿದವರ ಟೈರಿನ ಮೈ ಕೆರೆದುಹೋದದ್ದನ್ನು ನೋಡಿದ್ದೇನೆ. ಸೈಕಲ್ಲಿನ ಹಳೆಯ ಟ್ಯೂಬನ್ನು ಕತ್ತರಿಸಿ ರೋಲರಿಗೆ ಬಿಗಿಯಾಗಿ ತೊಡಿಸುವುದು ಒಳ್ಳೆಯ ಉಪಾಯ. ಟೈರು ರೋಲರಿನ ಮೇಲೆ ತಿರುಗುತ್ತ ಒಂದು ಪಕ್ಕಕ್ಕೆ ನಡೆದುಹೋಗುವುದು ಇನ್ನೊಂದು ಕಾಟ. ಅಡುಗೆಮನೆಯ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆಯಿಂದ ಎರಡು ತುಂಡು ಕತ್ತರಿಸಿ ಎರಡೂ ಬದಿಗೆ ತಡೆಯಾಗಿ ನಿಲ್ಲಿಸಿದರೆ ಅದು ನಿಲ್ಲುತ್ತದೆ. (ಹಲಗೆಯನ್ನು ಹೇಳಿ ಕೇಳಿ ತೆಗೆದುಕೊಳ್ಳುವುದು ಮನೆಯ ಶಾಂತಿಗೆ ಒಳ್ಳೆಯದು.)

ಈ ಬಗೆಯ ನಿಜವಾದ ಬೆಲೆ ಡಾಲರಿನಲ್ಲಿಲ್ಲ, ಅಪಾಯದಲ್ಲಿದೆ. ವಾಷಿಂಗ್ ಮೆಷಿನ್ನಿನ ಮೋಟಾರು ಗಾಳಿಯಾಡಲೆಂದು ತೆರೆದ ಕಿಂಡಿಗಳಿರುವಂಥದ್ದು, ನೀರು ಸಿಡಿಯುವ ಜಾಗಕ್ಕೆ ಮಾಡಿದ್ದಲ್ಲ. ಅದನ್ನು ತೊಟ್ಟಿಯ ಪಕ್ಕದಲ್ಲಿ ಇಡಬಾರದು. ಎತ್ತರದಲ್ಲಿ, ಮಧ್ಯೆ ಒಂದು ಹಲಗೆಯ ಮರೆಯಿಟ್ಟು, ಬೆಲ್ಟಿಗೆ ಮುಚ್ಚಳ ಹಾಕಿ ಕೂರಿಸಬೇಕು. ಲೋಹದ ಚೌಕಟ್ಟಿಗೆ ಅರ್ಥ್ ಕೊಡಬೇಕು, ಕರೆಂಟು ಸೋರಿದ ಕೂಡಲೇ ತಾನಾಗಿ ಕಡಿಯುವ ಜಿಎಫ್‌ಸಿಐ ಸಾಕೆಟ್ಟಿನಿಂದ ಮಾತ್ರ ಓಡಿಸಬೇಕು. ಇವುಗಳಲ್ಲಿ ಯಾವುದನ್ನಾದರೂ ಮುಂದಿನ ವಾರ ಮಾಡಿದರಾಯಿತು ಎನ್ನುವ ಮನಸ್ಸಿನವರು ಈ ಬಗೆಯನ್ನು ಕಟ್ಟದಿರುವುದು ಮೇಲು. ಪಿಟ್ಟಿಗೆ ಒಯ್ಯಲು ಇದು ಭಾರ, ಅಲ್ಲಿ ಜನರೇಟರೂ ಬೇಕು.

ಕಾರ್ಟ್ ಸಾಮಾನಿನ ಅಂಗಡಿಗಳಲ್ಲಿ ಸಿದ್ಧ ಯಂತ್ರಗಳೂ ದೊರೆಯುತ್ತವೆ. ಕೆಲವು ನೂರು ಡಾಲರ್ ಕೊಡಲು ಅಡ್ಡಿಯಿಲ್ಲದವರು, ಬೆಸುಗೆಯ ಕೆಲಸ ಬಾರದವರು, ಕೊಳ್ಳುವುದಕ್ಕೆ ಸಂಕೋಚ ಪಡಬೇಕಿಲ್ಲ. ಕೊಳ್ಳುವಾಗಲೂ ನಿಮ್ಮ ಟೈರಿನ ವ್ಯಾಸಕ್ಕೆ ನಿಮಿಷಕ್ಕೆ ಎಷ್ಟು ಸುತ್ತು ಎಂದೂ, ಬ್ರಷ್ಷು ಸವೆದರೆ ಬೇರೆ ಸಿಗುತ್ತದೆಯೇ ಎಂದೂ ಕೇಳಿ.

ಯಾರು ಯಾವುದನ್ನು ಆರಿಸಬೇಕು

ಮೊದಲ ಋತುವಿನವರಿಗೆ ಸ್ಪಿಂಡಲ್ ಸ್ಟ್ಯಾಂಡು, ಕೈಬ್ರಷ್ಷು ಎಂದು ಆಗಲೇ ಹೇಳಿದೆ. ಪ್ರತಿ ಶನಿವಾರ ಓಡುವ, ಹೀಟಿಗೂ ಫೀಚರಿಗೂ ನಡುವೆ ಪಿಟ್ಟಿನಲ್ಲೇ ಟೈರು ತೊಳೆದು ಅಳೆದು ಮತ್ತೆ ಹಾಕಬೇಕಾದ, ಒಂದು ಅಥವಾ ಎರಡು ಕಾರ್ಟಿನ ಮನೆಗೆ ನಡುದಂಡವನ್ನು ತಿರುಗಿಸುವ ವೈಪರ್ ಮೋಟಾರಿನ ಯಂತ್ರವನ್ನೇ ನಾನು ಹೇಳುವುದು. ನನಗೆ ತೊಟ್ಟಿ, ಬೇರಿಂಗು, ಸ್ವಿಚ್ಚು ಎಲ್ಲ ಸೇರಿ ತಗುಲಿದ್ದು ನೂರು ಡಾಲರಿಗಿಂತ ಕಡಿಮೆ. ಪಿಟ್ಟಿನಲ್ಲಿ ತೊಳೆಯುವ ಪಾಡಿಲ್ಲದೆ, ವಾರಕ್ಕೊಮ್ಮೆ ಗರಾಜಿನಲ್ಲಿ ಹತ್ತಾರು ಟೈರು ತೊಳೆಯುವವರಿಗೆ, ಜೊತೆಗೆ ವಿದ್ಯುತ್ ಕೆಲಸ ಬಲ್ಲವರಿಗೆ ಮಾತ್ರ ರೋಲರಿನ ಯಂತ್ರ. ಇವೆರಡರ ನಡುವೆ ತೂಗಾಡುವವರು ದಂಡದ ಬಗೆಯನ್ನೇ ಕಟ್ಟಲಿ, ಏಕೆಂದರೆ ಅದು ಗರಾಜಿನಲ್ಲೂ ನಡೆಯುತ್ತದೆ, ರೋಲರಿನದು ಪಿಟ್ಟಿನಲ್ಲಿ ನಡೆಯುವುದಿಲ್ಲ.

ಯಾವುದನ್ನು ಕಟ್ಟಿದರೂ ತೊಳೆಯುವ ದ್ರವದಲ್ಲಿ ಅತಿ ಮಾಡಬೇಡಿ. ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಸಾಕು. ಜಿಡ್ಡು ತೆಗೆಯುವ ಕಡುದ್ರವಗಳನ್ನು ಬಳಸಲೇಬೇಕಾದರೆ ನೀರು ಬೆರೆಸಿ ಬಳಸಿ, ಟೈರನ್ನು ಅದರಲ್ಲಿ ನೆನೆಹಾಕದೆ ಕೂಡಲೇ ಶುದ್ಧ ನೀರಿನಿಂದ ತೊಳೆಯಿರಿ. ಟೈರಿನ ಗಾಳಿ ಇಳಿಸದೆ, ವಾಲ್ವಿನ ಮುಚ್ಚಳ ಹಾಕಿಯೇ ತೊಳೆಯಬೇಕು. ಬಟ್ಟೆಯಿಂದ ಒರಸಿ ನೆರಳಿನಲ್ಲಿ ಆರಿಸಿ, ತಣಿದ ಮೇಲೆ ಅಳೆಯಿರಿ. ಕೆಲವು ಟ್ರ್ಯಾಕುಗಳಲ್ಲಿ ಟೈರಿಗೆ ಯಾವ ರಾಸಾಯನಿಕವನ್ನೂ ಹಚ್ಚುವಂತಿಲ್ಲ. ಅಂಥ ಕಡೆ ಘಾಟು ವಾಸನೆಯ ದ್ರವದಿಂದ ತೊಳೆದು ತಪಾಸಣೆಗೆ ನಿಂತರೆ ಅನಗತ್ಯ ಅನುಮಾನಕ್ಕೆ ದಾರಿಯಾಗುತ್ತದೆ.

ಇನ್ನು ಉಳಿಯುವ ಕೆಂಪುನೀರು. ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಅದನ್ನು ಚೆಲ್ಲುವಂತಿಲ್ಲ, ಆ ಚರಂಡಿಗಳು ಶುದ್ಧೀಕರಣವಿಲ್ಲದೆ ನೇರವಾಗಿ ತೊರೆಗಳಿಗೆ ಸೇರುತ್ತವೆ. ಜೇಡಿಯ ನುಣುಪು ಕಣಗಳು ರಾತ್ರಿಯಿಡೀ ಬಿಟ್ಟರೂ ತಳ ಸೇರುವುದಿಲ್ಲ. ಊರಿನಲ್ಲಿ ಮಳೆಗಾಲದ ಕದಡುನೀರಿಗೆ ಪಟಿಕದ ಉಂಡೆಯನ್ನು ನಾಲ್ಕು ಸುತ್ತು ಆಡಿಸುತ್ತಿದ್ದರಲ್ಲ, ಇಲ್ಲಿ ಅದೇ ಮಾಡುತ್ತೇನೆ. ಇಂಡಿಯನ್ ಅಂಗಡಿಯಲ್ಲಿ ಪಟಿಕ ಸಿಗುತ್ತದೆ. ಬೆಳಗಾಗುವಷ್ಟರಲ್ಲಿ ಮೇಲೆ ತಿಳಿನೀರು ನಿಂತಿರುತ್ತದೆ. ಪ್ರೆಪ್ ಹಚ್ಚದ ಟೈರಿನದಾದರೆ ಅದನ್ನು ಹಿತ್ತಿಲ ಹುಲ್ಲಿಗೆ ಚೆಲ್ಲಿ, ಕೆಳಗಿನ ಕೆಸರನ್ನು ಒಣಗಿಸಿ ಕಸಕ್ಕೆ ಹಾಕಬಹುದು. ಪ್ರೆಪ್ ಹಚ್ಚಿದ ಟೈರಿನ ನೀರಾದರೆ ಮುಚ್ಚಳವಿರುವ ಡಬ್ಬಕ್ಕೆ ಸುರಿದು, ಮೇಲೆ ಹೆಸರು ಬರೆದಿಟ್ಟು, ಕೌಂಟಿಯವರು ಮನೆಯ ಅಪಾಯಕಾರಿ ತ್ಯಾಜ್ಯಗಳನ್ನು ತೆಗೆದುಕೊಳ್ಳುವ ಜಾಗಕ್ಕೆ ಒಯ್ದು ಕೊಡಬೇಕು.